ಗೃಹಸ್ಥರ ಪುಟ: ಹಳೆಯ ಮದುವೆಯ ಕ್ಯಾಸೆಟ್ಟೂ ಹೊಸ ಕಂಪ್ಯೂಟರೂ

ವಾಚಕ ಮಹಾಶಯರ ಮನೆಯಲ್ಲಿ ಬೀರುವಿನ ಮೇಲಾಗಲಿ, ಅಟ್ಟದ ಟ್ರಂಕಿನಲ್ಲಾಗಲಿ, ಒಂದು ಕರಿಯ ವಿಡಿಯೋ ಕ್ಯಾಸೆಟ್ಟು ಇದ್ದೇ ಇರುವುದೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. 1982ರಲ್ಲಿ ನಮ್ಮ ದೇಶದ ದೂರದರ್ಶನಕ್ಕೆ ಬಣ್ಣ ಬಂದಿತು. ಅದರ ಹಿಂದೆಯೇ ವಿ.ಸಿ.ಆರ್. ಯಂತ್ರಗಳು ಮನೆಗಳಿಗೆ ಬಂದುವು. ಅವುಗಳ ಹಿಂದೆ ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಕಣ್ಣು ಕೋರೈಸುವ ದೀಪ ಹಿಡಿಸಿಕೊಂಡ ವಿಡಿಯೋದವರು ಮದುವೆಯ ಚಪ್ಪರಗಳನ್ನು ಪ್ರವೇಶಿಸಿದರು. ಅಂದಿನಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸುತ್ತ ನಡೆದ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಎಷ್ಟೋ ಈ ಕರಿಯ ಪೆಟ್ಟಿಗೆಗಳೊಳಗೆ ಸುತ್ತಿಕೊಂಡು ಕುಳಿತಿರುವುವು. ಅಂದು ತಾಳಿ ಕಟ್ಟಿದವರು ಈಗ ತಾತಂದಿರಾಗಿರುವರು. ಧಾರೆ ಎರೆದವರು ಬಹುಮಟ್ಟಿಗೆ ಇಲ್ಲ.

ಕನಕಪುರದ ಕಡೆಯ ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿದ್ದರು. 1991ರಲ್ಲಿ ನಡೆದ ತಮ್ಮ ಮದುವೆಯ ಕ್ಯಾಸೆಟ್ಟಿನಲ್ಲಿ ಅವರ ತಾಯಿಯವರು ಸೋಬಾನೆ ಪದ ಹಾಡಿರುವರಂತೆ. ತಾಯಿಯವರು ತೀರಿಕೊಂಡು ಬಹಳ ವರ್ಷಗಳಾದುವು. ಅವರ ಭಾವಚಿತ್ರ ಗೋಡೆಯ ಮೇಲಿದೆ. ಧ್ವನಿಯು ಆ ಕ್ಯಾಸೆಟ್ಟಿನಲ್ಲಿ ಹೊರತು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಮಗಳ ಒತ್ತಾಯಕ್ಕೆ ಅವರು ನೆಂಟರ ಮನೆಯಿಂದ ಒಂದು ವಿ.ಸಿ.ಆರ್. ಎರವಲು ತಂದು, ಯು.ಎಸ್.ಬಿ. ಕ್ಯಾಪ್ಚರ್ ಸಾಧನವೆಂಬ ಹೆಬ್ಬೆರಳಿನಷ್ಟು ಉದ್ದದ ವಸ್ತುವೊಂದನ್ನು ತರಿಸಿ, ಮೂರು ಸಂಜೆ ಪಟ್ಟಾಗಿ ಕುಳಿತರು. ಮೊದಲ ಸಂಜೆ ಚಿತ್ರವು ಕಪ್ಪು ಬಿಳುಪಾಗಿ ಮೇಲಿಂದ ಕೆಳಕ್ಕೆ ಉರುಳಿತು. ಎರಡನೆಯ ಸಂಜೆ ಬಣ್ಣ ಬಂದಿತು; ಆದರೆ ಪುರೋಹಿತರ ತುಟಿಗೂ ಮಂತ್ರಕ್ಕೂ ಸಂಬಂಧವಿಲ್ಲದೆ ಹೋಯಿತು. ಮೂರನೆಯ ಸಂಜೆ ಒಂದು ಗಂಟೆ ಕಳೆದು ಕೆಲವು ನಿಮಿಷಗಳಾಗುತ್ತಲೇ ಮುದ್ರಣವು ತಾನಾಗಿ ನಿಂತಿತು. ಇವೆಲ್ಲವನ್ನೂ ದಾಟಿ ತಾಯಿಯ ಹಾಡಿನ ಸ್ಥಳಕ್ಕೆ ಬಂದರೆ ಧ್ವನಿಯು ಕಂಬಳಿ ಹೊದ್ದವರು ಮಾತನಾಡಿದಂತೆ ಮಂಕಾಗಿತ್ತು. "ಸ್ವಾಮಿ, ಕಂಪ್ಯೂಟರು ಕೆಟ್ಟಿದೆಯೋ ನನ್ನ ಹಣೆಬರಹ ಕೆಟ್ಟಿದೆಯೋ ದಯವಿಟ್ಟು ತಿಳಿಸಬೇಕು" ಎಂದು ಕಾಗದವನ್ನು ಮುಗಿಸಿದ್ದರು.

ಎರಡೂ ಕೆಟ್ಟಿರಲಿಲ್ಲ. ಈ ಕೆಲಸದಲ್ಲಿ ಕಂಪ್ಯೂಟರು ಪರರ ಅಪರಾಧವನ್ನು ಹೊರುವ ಬಡಪಾಯಿ. ದೋಷವು ಕಾಣುವುದು ಅದರ ಪರದೆಯ ಮೇಲೆ. ಹುಟ್ಟುವುದು ಬಹುಪಾಲು ಟೇಪಿನಲ್ಲಿ, ಇಲ್ಲವೆ ಟೇಪನ್ನು ಓದುವ ಯಂತ್ರದಲ್ಲಿ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ನಲ್ಲಿಯನ್ನು ಬದಲಾಯಿಸಿ ಫಲವೇನು? ತೊಟ್ಟಿಯನ್ನು ನೋಡಬೇಕು. ಇಂತಹ ಕಾಗದಗಳು ಬೇರೆ ಮನೆಗಳಿಂದಲೂ ಬಂದಿರುವುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿರುವೆವು.

ಅವಸರವೇನೆಂದು ಕೆಲವರು ಕೇಳಬಹುದು. ವಿ.ಎಚ್.ಎಸ್. ಎಂಬ ಈ ಪದ್ಧತಿಯನ್ನು ಜಪಾನಿನ ಜೆ.ವಿ.ಸಿ. ಸಂಸ್ಥೆಯವರು 1976ರಲ್ಲಿ ಹೊರತಂದರು. ಅದನ್ನು ನುಡಿಸುವ ಯಂತ್ರವನ್ನು ಕಟ್ಟಕಡೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಎಂಬ ಜಪಾನಿನ ಕಂಪೆನಿಯೇ 2016ರ ಜುಲೈ ತಿಂಗಳಲ್ಲಿ ಕೈಬಿಟ್ಟಿತು. ಈಗ ಲೋಕದಲ್ಲಿರುವ ಯಂತ್ರಗಳೆಲ್ಲ ಹಳೆಯವೇ. ಅವುಗಳ ರಬ್ಬರು ಗಟ್ಟಿಯಾಗುತ್ತಿದೆ, ರಿಪೇರಿ ಬಲ್ಲವರು ಮುದುಕರಾಗುತ್ತಿರುವರು. ಯುನೆಸ್ಕೋ ಸಂಸ್ಥೆಯು 2019ರಲ್ಲಿ ಧ್ವನಿ ಮತ್ತು ಚಿತ್ರಸಂಗ್ರಹಗಳುಳ್ಳವರಿಗೆಲ್ಲ ಈ ವಿಷಯದಲ್ಲಿ ಎಚ್ಚರಿಕೆಯನ್ನು ಕೊಟ್ಟು, ಟೇಪುಗಳನ್ನು ನುಡಿಸುವ ಅನುಕೂಲವು 2025ರ ವೇಳೆಗೆ ಸಾಮಾನ್ಯವಾಗಿ ತಪ್ಪಿಹೋಗುವುದೆಂದು ಅಂದಾಜು ಮಾಡಿತ್ತು. ಆ ಗಡುವು ಬಂದಾಯಿತು. ಯಂತ್ರಗಳು ಇನ್ನೂ ಅಲ್ಲೊಂದು ಇಲ್ಲೊಂದು ಸಿಕ್ಕುತ್ತಿರುವುದು ನಮ್ಮ ಪುಣ್ಯ.

ಟೇಪಿನ ಸ್ವರೂಪವನ್ನು ಸ್ವಲ್ಪ ತಿಳಿದರೆ ಅದರ ರೋಗಗಳೂ ತಿಳಿಯುವುವು. ಮೂರು ಗಂಟೆಯ ಕ್ಯಾಸೆಟ್ಟಿನೊಳಗೆ 250 ಮೀಟರಿಗೂ ಮಿಕ್ಕಿದ ಉದ್ದದ, ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿಯೊಂದಿರುವುದು. ರಾಮನಗರದ ಮಾರುಕಟ್ಟೆಗೆ ಬರುವ ಒಂದು ರೇಷ್ಮೆಗೂಡಿನ ಎಳೆಯು ಇದಕ್ಕಿಂತ ಉದ್ದವೆಂದು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆ ಪಟ್ಟಿಯ ಒಂದು ಮೈಗೆ ಅಯಸ್ಕಾಂತ ಗುಣವುಳ್ಳ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುವರು. ಯಂತ್ರದೊಳಗೆ ಬಳೆಯಷ್ಟು ಅಗಲದ ಲೋಹದ ಡ್ರಮ್ಮೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತ, ತನ್ನ ಅಂಚಿನಲ್ಲಿರುವ ಎರಡು ಸೂಕ್ಷ್ಮವಾದ ಹೆಡ್ಡುಗಳಿಂದ ಪಟ್ಟಿಯ ಮೇಲೆ ಓರೆಯಾಗಿ ಗೀರಿದಂತೆ ಚಿತ್ರವನ್ನು ಓದುವುದು. ಸೆಕೆಂಡಿಗೆ ಐವತ್ತು ಓರೆಗೆರೆ. ಒಂದೊಂದು ಗೆರೆಯಲ್ಲಿ ಅರ್ಧ ಚಿತ್ರ. ಧ್ವನಿಯು ಮಾತ್ರ ಸಾಧಾರಣ ಯಂತ್ರಗಳಲ್ಲಿ ಪಟ್ಟಿಯ ಮೇಲಂಚಿನಲ್ಲಿ ಉದ್ದಕ್ಕೆ ಹರಿಯುವುದು. ಓಟದ ವೇಗವನ್ನು ಹದವಾಗಿಡುವ ಗುರುತುಗಳು ಕೆಳಂಚಿನಲ್ಲಿರುವುವು. ಪಟ್ಟಿಯ ಅಂಚು ಸುಕ್ಕಾದರೆ ಚಿತ್ರಕ್ಕೆ ಮೊದಲು ಧ್ವನಿಯೇ ಕೆಡುವುದೇಕೆಂಬುದು ಇದರಿಂದ ಗೊತ್ತಾಗುವುದು.

ಮೊದಲು ಕ್ಯಾಸೆಟ್ಟಿನ ಪರೀಕ್ಷೆ. ಮುಂದಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ, ಕಿಟಕಿಯ ಬೆಳಕಿನಲ್ಲಿ ಸುರುಳಿಯ ಅಂಚನ್ನು ನೋಡತಕ್ಕದ್ದು. ಬಿಳಿಯ ಹುಡಿಯಂತೆ, ಜೇಡರ ನೂಲಿನಂತೆ ಏನಾದರೂ ಕಂಡರೆ ಅದು ಬೂಷ್ಟು. ನಮ್ಮ ಸೀಮೆಯಲ್ಲಿ ಇದು ಹೆಚ್ಚು. ಎಷ್ಟೋ ಹಳ್ಳಿಗಳಲ್ಲಿ ಹುಳು ಸಾಕುವುದು ವಾಸದ ಮನೆಯಲ್ಲಿಯೇ. ಹುಳುವಿಗೆ ಹಿತವೆಂದು ಗಾಳಿಯ ತೇವವನ್ನು ಕಾಪಾಡುವರು, ಗೋಣಿಯನ್ನು ನೆನೆಸಿ ಕಟ್ಟುವರು. ರೇಷ್ಮೆಹುಳುವಿಗೆ ಹಿತವಾದುದು ಟೇಪಿಗೆ ಯಮ. ಅದೇ ತೇವದಲ್ಲಿ ಅಟ್ಟದ ಕ್ಯಾಸೆಟ್ಟಿನೊಳಗೆ ಬೂಷ್ಟು ಬೆಳೆದು ಸುತ್ತುಗಳನ್ನು ಒಂದಕ್ಕೊಂದು ಅಂಟಿಸುವುದು.

ಈ ವಿಷಯದಲ್ಲಿ ನಾವು ಪಟ್ಟ ಪಾಡನ್ನು ಮುಚ್ಚಿಡುವುದಿಲ್ಲ. ಮಾಗಡಿಯ ನಮ್ಮ ಬಂಧುಗಳೊಬ್ಬರ ಮನೆಯಿಂದ ಎರಡು ಕ್ಯಾಸೆಟ್ಟುಗಳನ್ನು ತಂದಿದ್ದೆವು. ಒಂದರ ಅಂಚಿನಲ್ಲಿ ಸಣ್ಣಗೆ ಬೆಳ್ಳಗಿದ್ದುದನ್ನು ಕಂಡೂ, ಧೂಳಿರಬಹುದೆಂದು ತೂರಿಸಿಬಿಟ್ಟೆವು. ಐದು ನಿಮಿಷದಲ್ಲಿ ಚಿತ್ರವು ಹಿಮ ಸುರಿದಂತಾಗಿ ಮಾಯವಾಯಿತು. ಟೇಪಿನ ದೋಷವೆಂದು ಬಗೆದು ಅದನ್ನು ತೆಗೆದು, ಶುದ್ಧವಾಗಿದ್ದ ಎರಡನೆಯದನ್ನು ಹಾಕಿದೆವು. ಬೂಷ್ಟು ಹೆಡ್ಡಿಗೂ ದಾರಿಯ ಕಂಬಗಳಿಗೂ ಮೆತ್ತಿಕೊಂಡಿತ್ತು. ಎರಡನೆಯ ಟೇಪು ಅದಕ್ಕೆ ಸಿಕ್ಕಿ ಮಡಿಚಿ, ಒಂದು ಮೊಳದಷ್ಟು ಉದ್ದ ಸುಕ್ಕಾಯಿತು. ಆ ಸುಕ್ಕಿನಲ್ಲಿದ್ದುದು ಸಾವನದುರ್ಗದ ಬೆಟ್ಟದ ಬುಡದಲ್ಲಿ ಆ ಮನೆಯ ಹಿರಿಯರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದುಬರುವ ದೃಶ್ಯ. ಕಾಲಾವಧಿಯಲ್ಲಿ ಅದು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚಿರಲಾರದು. ಆ ಹುಡುಗ ಈಗ ಇಂಜಿನಿಯರು. ಅವನಿಗೆ ಅದನ್ನು ಹೇಳುವಾಗ ನಮಗೆ ತಲೆ ಎತ್ತಲಾಗಲಿಲ್ಲ.

ಆದ್ದರಿಂದ ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಯಂತ್ರಕ್ಕೆ ಹಾಕಕೂಡದು. ಇತರ ಕ್ಯಾಸೆಟ್ಟುಗಳಿಂದ ಬೇರ್ಪಡಿಸಿ, ಗಾಳಿಯಾಡುವ ಒಣಗಿದ ಕೋಣೆಯಲ್ಲಿ, ಇಲ್ಲವೆ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿದ ಡಬ್ಬಿಯಲ್ಲಿ, ಕೆಲವು ದಿನ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುವುದು. ಹಪ್ಪಳದಂತೆ ಬಿಸಿಲಿಗೆ ಮಾತ್ರ ಹಾಕತಕ್ಕದ್ದಲ್ಲ. ಕಾವಿಗೆ ಪಟ್ಟಿ ಸೊಟ್ಟಾಗುವುದು. ಅನಂತರ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೆಲಸಕ್ಕೆ ಬಾರದ ಹಳೆಯ ಯಂತ್ರವೊಂದನ್ನು ಬಲಿಗೊಟ್ಟು, ಎಳೆ ಬಿಡದ ಒಣಬಟ್ಟೆಯನ್ನು ತಾಗಿಸುತ್ತ ನಿಧಾನವಾಗಿ ಸುತ್ತಿ ಒರೆಸುವುದುಂಟು. ಇದರ ಗಾಳಿ ಎದೆಗೆ ಒಳ್ಳೆಯದಲ್ಲ. ಉಬ್ಬಸದವರು, ಮಕ್ಕಳು ಹತ್ತಿರ ಸುಳಿಯಬಾರದು. ಧೈರ್ಯ ಸಾಲದಿದ್ದರೆ ಅಭ್ಯಾಸವಿರುವವರಿಗೆ ಕೊಡುವುದೇ ಮೇಲು.

ಬೂಷ್ಟಿಲ್ಲದ ಟೇಪನ್ನು ನುಡಿಸುವ ಮೊದಲು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸುತ್ತಿಕೊಳ್ಳಬೇಕು. ಮೂವತ್ತು ವರ್ಷ ಒಂದೇ ಭಂಗಿಯಲ್ಲಿ ಕುಳಿತದ್ದಕ್ಕೆ ಮೈ ಸಡಿಲವಾಗಬೇಡವೆ? ಸುತ್ತುವಾಗ ಕೀರಲು ಸದ್ದು ಬಂದರೆ, ಓಟ ಎಳೆದಂತಾದರೆ, ಒಡನೆ ನಿಲ್ಲಿಸತಕ್ಕದ್ದು: ಪುಡಿಯನ್ನು ಹಿಡಿದಿರುವ ಅಂಟು ತೇವ ಹೀರಿ ಜಿಗುಟಾಗಿದೆಯೆಂದು ಅರ್ಥ. ಪೆಟ್ಟಿಗೆ ಒಡೆದಿದ್ದರೆ ಚಿಂತೆಯಿಲ್ಲ. ಕೆಳಗಿನ ಐದು ತಿರುಪುಗಳನ್ನು ಬಿಚ್ಚಿ, ಒಳಗಿನ ಎರಡು ಸುರುಳಿಗಳನ್ನು ಬೇರೊಂದು ಪೆಟ್ಟಿಗೆಗೆ ವರ್ಗಾಯಿಸಬಹುದು. ಪಟ್ಟಿ ತುಂಡಾಗಿದ್ದರೆ ಅದಕ್ಕೆಂದೇ ಇರುವ ಅಂಟುಪಟ್ಟಿಯಿಂದ ಹಿಂಬದಿಯಲ್ಲಿ ಮಾತ್ರ ಜೋಡಿಸಬೇಕು. ಅಂಗಡಿಯ ಸೆಲ್ಲೋ ಟೇಪು ಅಂಟನ್ನು ಕಾರಿ ಹೆಡ್ಡನ್ನು ಕೆಡಿಸುವುದು.

ಮುಖ್ಯವಾದುದನ್ನು ಮರೆತೆವು. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆಯಿರುವುದು. ಅದು ಇರುವವರೆಗೂ ಟೇಪಿನ ಮೇಲೆ ಮತ್ತೊಮ್ಮೆ ಮುದ್ರಿಸಲು ಸಾಧ್ಯ, ಮುರಿದುಹಾಕಿದರೆ ಅಸಾಧ್ಯ. ಯಂತ್ರಕ್ಕೆ ತೂರಿಸುವ ಮೊದಲೇ ಅದನ್ನು ಮುರಿಯಿರಿ. 1987ರಲ್ಲಿ ಭಾನುವಾರ ಬೆಳಗಿನ ‘ರಾಮಾಯಣ’ವನ್ನು ಮುದ್ರಿಸಿಕೊಳ್ಳುವ ಭಕ್ತಿಯಲ್ಲಿ ಯಾರ ಮನೆಯ ಮುಹೂರ್ತದ ಮೇಲೆ ಯಾರು ಅಶೋಕವನವನ್ನು ಇಳಿಸಿದರೆಂಬುದನ್ನು ಹೇಳಿ ನಾವು ನೆಂಟಸ್ತನ ಕೆಡಿಸಿಕೊಳ್ಳಲಾರೆವು. ಹಾಗೆ ಅಳಿದುದನ್ನು ಯಾವ ಕಂಪ್ಯೂಟರೂ ಮರಳಿ ತರಲಾರದು.

ಇನ್ನು ಯಂತ್ರ. ಎರವಲು ತಂದ ವಿ.ಸಿ.ಆರನ್ನು ಮೊದಲು ಬೇಡದ ಕ್ಯಾಸೆಟ್ಟೊಂದರಿಂದ ಪರೀಕ್ಷಿಸಬೇಕು. ತಾಯಿಯ ಹಾಡಿರುವ ಟೇಪಿನಿಂದಲ್ಲ. ಚಿತ್ರದ ತುಂಬ ಹಿಮದಂತೆ ಚುಕ್ಕೆಗಳಿದ್ದರೆ ಹೆಡ್ಡು ಕೊಳೆಯಾಗಿದೆ. ಮೇಲೋ ಕೆಳಗೋ ಅಡ್ಡಲಾಗಿ ಒಂದು ಪಟ್ಟೆ ಮಾತ್ರ ಕದಲುತ್ತಿದ್ದರೆ ಟ್ರ್ಯಾಕಿಂಗ್ ಗುಂಡಿಯಿಂದ ಸರಿಪಡಿಸಬಹುದು. ಚಿತ್ರದ ಕೆಳತುದಿಯಲ್ಲಿ ಹರಿದ ಅಂಚಿನಂತೆ ಕಾಣುವ ಸಣ್ಣ ಗೆರೆ ದೋಷವೇ ಅಲ್ಲ. ಒಂದು ಹೆಡ್ಡು ಮುಗಿಸಿ ಮತ್ತೊಂದು ಆರಂಭಿಸುವ ಗುರುತು ಅದು. ಹಳೆಯ ಟಿ.ವಿ.ಗಳ ಚೌಕಟ್ಟಿನ ಹಿಂದೆ ಅದು ಅಡಗಿರುತ್ತಿತ್ತು.

ಹೆಡ್ಡನ್ನು ಶುದ್ಧಮಾಡುವಾಗ ಶಾಮಿ ಚರ್ಮದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಡ್ರಮ್ಮಿನ ಮೈಗೆ ಮೃದುವಾಗಿ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ಅಡ್ಡಲಾಗಿ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುವುದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಡ್ರಮ್ಮಿನ ಹತ್ತಿರಕ್ಕೂ ತರಬಾರದು. ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುವುದು. ರಬ್ಬರಿನ ಉರುಳೆಗೂ, ಅದರ ಪಕ್ಕದಲ್ಲಿ ನಿಂತಿರುವ ಧ್ವನಿಯ ಹೆಡ್ಡಿಗೂ ಹತ್ತಿಕಡ್ಡಿ ಸಾಕು. ಇದನ್ನೆಲ್ಲ ಮಾಡುವ ಮುನ್ನ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕೆಂಬುದು ಹೇಳದೆಯೇ ತಿಳಿಯತಕ್ಕದ್ದು.

ಯಂತ್ರ ಬದಲಾದರೆ ಚಿತ್ರವೂ ಬದಲಾಗುವುದುಂಟು. ಅಂದಿನ ವಿಡಿಯೋದವರ ಯಂತ್ರ ಕೊಂಚ ವಾಲಿ ಮುದ್ರಿಸಿದ್ದರೆ, ನೇರವಾಗಿರುವ ಒಳ್ಳೆಯ ಯಂತ್ರಕ್ಕಿಂತ ಅದರಂತೆಯೇ ವಾಲಿದ ಮತ್ತೊಂದರಲ್ಲಿ ಟೇಪು ಚೆನ್ನಾಗಿ ನುಡಿಯುವುದು. ಆದುದರಿಂದ ಒಂದರಲ್ಲಿ ಬಾರದ ಮಾತ್ರಕ್ಕೆ ನಿರಾಶರಾಗದೆ, ಇನ್ನೊಂದನ್ನು ಹುಡುಕಿ ನೋಡಬೇಕು.

ಇಷ್ಟಾದ ಮೇಲೆ ಕಂಪ್ಯೂಟರಿನ ಸರದಿ. ಕನಕಪುರದವರ ಮೊದಲ ಸಂಜೆಯ ದೋಷ ಅತಿ ಸುಲಭದ್ದು. ಲೋಕದಲ್ಲಿ ಟಿ.ವಿ. ಸಂಕೇತಗಳು ಒಂದೇ ಬಗೆಯಲ್ಲ. ನಮ್ಮ ದೇಶದ್ದು ಪಾಲ್ ಪದ್ಧತಿ, ಅಮೆರಿಕ ಜಪಾನುಗಳದು ಎನ್.ಟಿ.ಎಸ್.ಸಿ. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದರಲ್ಲಿ 625 ಗೆರೆ. ಆ ಇನ್ನೊಂದರಲ್ಲಿ ಸುಮಾರು 30 ಚಿತ್ರ, 525 ಗೆರೆ. ಕ್ಯಾಪ್ಚರ್ ಸಾಧನದ ತಂತ್ರಾಂಶವು ತಾನಾಗಿ ಎನ್.ಟಿ.ಎಸ್.ಸಿ.ಯನ್ನು ಆರಿಸಿಕೊಂಡಿತ್ತು. ಬಣ್ಣ ಮಾಯವಾಗಿ ಚಿತ್ರ ಉರುಳುತ್ತಿದ್ದರೆ ಮೊದಲು ನೋಡಬೇಕಾದುದು ಇದನ್ನೇ. ಮಗಳು ಅಮೆರಿಕದಿಂದ ಕಳುಹಿಸಿದ ಕ್ಯಾಸೆಟ್ಟಿಗೆ ಇದು ತಿರುಗುಮುರುಗು. ಅದಕ್ಕೆ ಎರಡು ಪದ್ಧತಿಗಳನ್ನೂ ಬಲ್ಲ ವಿ.ಸಿ.ಆರ್. ಬೇಕಾಗುವುದು.

ಮೂರನೆಯ ಸಂಜೆಯ ದೋಷವನ್ನೂ ಇಲ್ಲಿಯೇ ಮುಗಿಸಿಬಿಡುವೆವು. ಅವರು ಕಡತವನ್ನು ಒಂದು ಹಳೆಯ ಪೆನ್ ಡ್ರೈವಿಗೆ ನೇರವಾಗಿ ಇಳಿಸುತ್ತಿದ್ದರು. ಫ್ಯಾಟ್ 32 ಎಂಬ ಹಳೆಯ ಏರ್ಪಾಟಿನ ಡ್ರೈವಿನಲ್ಲಿ ಒಂದು ಕಡತವು 4 ಜಿ.ಬಿ.ಯನ್ನು ಮೀರಿ ಬೆಳೆಯಲಾರದು. ಅವರ ತಂತ್ರಾಂಶವು ಗಂಟೆಗೆ ಸುಮಾರು ಮೂರೂವರೆ ಜಿ.ಬಿ.ಯಂತೆ ಬರೆಯುತ್ತಿತ್ತು, ಒಂದು ಗಂಟೆಯ ಮೇಲೆ ಕೆಲವು ನಿಮಿಷಕ್ಕೆ ನಿಂತುದು ಲೆಕ್ಕಕ್ಕೆ ಸರಿಹೋಯಿತು. ಡ್ರೈವಿನಲ್ಲಿ ಎಷ್ಟೇ ಜಾಗವಿರಲಿ, ಫಲ ಒಂದೇ. ಕಂಪ್ಯೂಟರಿನ ಸ್ವಂತ ಡಿಸ್ಕಿಗೆ, ಎನ್.ಟಿ.ಎಫ್.ಎಸ್. ಏರ್ಪಾಟಿನಲ್ಲಿ ಇಳಿಸಿದರೆ ಈ ತೊಡಕಿಲ್ಲ.

ತುಟಿಗೂ ಮಾತಿಗೂ ಬಿದ್ದ ವಿರಸವೇ ಈ ಕೆಲಸದಲ್ಲಿ ಬಹುಮಂದಿಯನ್ನು ಕಾಡುವ ದೋಷ. "ಟಿ.ವಿ.ಯಲ್ಲಿ ಸರಿಯಾಗಿ ಬರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಹೀಗೆ" ಎಂದು ಎಲ್ಲರೂ ಹೇಳುವರು, ಸತ್ಯವನ್ನೇ ಹೇಳುವರು. ಹಳೆಯ ಟಿ.ವಿ.ಯು ಅನುಭವಿಯಾದ ಮೃದಂಗ ವಿದ್ವಾಂಸನಂತೆ. ಗಾಯಕನ ಲಯ ಕೊಂಚ ಓಡಿದರೂ ಎಳೆದರೂ ಹೊಂದಿಕೊಂಡು ಹೋಗುವುದು. ಸಭೆಗೆ ಏನೂ ತಿಳಿಯದು. ಕ್ಯಾಪ್ಚರ್ ಸಾಧನಕ್ಕೆ ಆ ದಾಕ್ಷಿಣ್ಯವಿಲ್ಲ. ಪ್ರತಿ ಚಿತ್ರವೂ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗಕ್ಕೆ ಸರಿಯಾಗಿ ಬರಬೇಕೆಂದು ಅದು ಕಾಯುವುದು. ಹಿಗ್ಗಿದ, ಸುಕ್ಕಾದ ಹಳೆಯ ಟೇಪಿನಿಂದ ಬರುವ ಚಿತ್ರಗಳು ಹೊತ್ತು ತಪ್ಪಿ ಬರುವುವು. ತಡವಾಗಿ ಬಂದುದನ್ನು ಅದು ಒಳಗೆ ಬಿಡದೆ ಕೈಬಿಡುವುದು. ಧ್ವನಿಯಾದರೋ ತನ್ನ ಪಾಡಿಗೆ ಹರಿಯುತ್ತಿರುವುದು. ಇಪ್ಪತ್ತೈದು ಚಿತ್ರಗಳು ಬಿಟ್ಟುಹೋದರೆ ಚಿತ್ರ ಧ್ವನಿಗಳ ನಡುವೆ ಒಂದು ಸೆಕೆಂಡಿನ ಕಂದರ.

ಆದರೆ ಎಲ್ಲ ವಿರಸಕ್ಕೂ ಕಾರಣ ಇದೊಂದೇ ಅಲ್ಲ. ಮುದ್ರಿತವಾದ ಕಡತದ ಮೊದಲಲ್ಲಿ, ನಡುವೆ, ಕೊನೆಯಲ್ಲಿ, ಓಲಗದವರು ಡೋಲಿಗೆ ಹೊಡೆಯುವ ಸ್ಥಳಗಳನ್ನು ನೋಡಿರಿ. ಅಂತರವು ಮೊದಲಲ್ಲಿ ಇಲ್ಲದೆ, ನಡುವೆ ಅರ್ಧವಾಗಿ, ಕೊನೆಯಲ್ಲಿ ಪೂರ್ತಿಯಾಗಿ ಸಮನಾಗಿ ಬೆಳೆದಿದ್ದರೆ ಅದು ಎರಡು ಗಡಿಯಾರಗಳ ಜಗಳ. ಚಿತ್ರವು ಯು.ಎಸ್.ಬಿ. ಸಾಧನದ ಮೂಲಕವೂ, ಧ್ವನಿಯು ಕಂಪ್ಯೂಟರಿನ ಮೈಕಿನ ರಂಧ್ರದ ಮೂಲಕವೂ ಹೋಗುತ್ತಿದ್ದರೆ ಒಂದೊಂದಕ್ಕೆ ಒಂದೊಂದು ಗಡಿಯಾರ. ಒಂದೇ ಮನೆಯ ಎರಡು ಗಡಿಯಾರಗಳು ಎಂದಾದರೂ ಒಂದೇ ಹೊತ್ತು ತೋರಿಸಿದುದುಂಟೆ? ಬಿಳಿ ಕೆಂಪು ತುದಿಯ ಧ್ವನಿಯ ತಂತಿಗಳನ್ನೂ ಅದೇ ಸಾಧನಕ್ಕೆ ಸಿಕ್ಕಿಸಿ, ತಂತ್ರಾಂಶದಲ್ಲಿಯೂ ಧ್ವನಿಯ ಮೂಲವಾಗಿ ಅದನ್ನೇ ಆರಿಸಿದರೆ ಬಹುಮಟ್ಟಿಗೆ ಸರಿಹೋಗುವುದು. ಉಳಿದ ಅಲ್ಪ ವ್ಯತ್ಯಾಸವನ್ನು ಆಮೇಲೆ ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿ ತಿದ್ದಬಹುದು.

ಅಂತರವು ಸಮನಾಗಿ ಬೆಳೆಯದೆ, ಚಿತ್ರ ಕೆಟ್ಟ ಸ್ಥಳಗಳಲ್ಲಿ ದಢಕ್ಕನೆ ಹೆಚ್ಚಿದ್ದರೆ, ಮೇಲೆ ಹೇಳಿದ ಬಿಟ್ಟುಹೋದ ಚಿತ್ರಗಳೇ ಕಾರಣ. ಹಿಗ್ಗಿಸುವ ಉಪಾಯ ಇಲ್ಲಿ ನಡೆಯದು. ಹೆಡ್ಡನ್ನು ಒರೆಸಿ, ಟ್ರ್ಯಾಕಿಂಗ್ ಸರಿಮಾಡಿ ಮತ್ತೆ ಇಳಿಸಬೇಕು. ವಿ.ಸಿ.ಆರಿನಲ್ಲಿ ಸಂಕೇತ ಕ್ಷೀಣವಾದಾಗ ಪರದೆಯನ್ನು ನೀಲಿಯಾಗಿಸುವ ಏರ್ಪಾಟಿದ್ದರೆ ಅದನ್ನು ನಿಲ್ಲಿಸಬೇಕು. ಮಸುಕಾದ ಚಿತ್ರವು ನೀಲಿಯ ಶೂನ್ಯಕ್ಕಿಂತ ಮೇಲಲ್ಲವೆ? ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವೊಂದಿದೆ. ಹೊತ್ತು ತಪ್ಪಿ ಬಂದ ಗೆರೆಗಳನ್ನು ತನ್ನಲ್ಲಿ ಕೂಡಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಹೊರಬಿಡುವುದು. ಬೆಲೆ ಹೆಚ್ಚು. ಹಳೆಯ ಡಿ.ವಿ.ಡಿ. ರೆಕಾರ್ಡರುಗಳಲ್ಲಿ ಕೆಲವು, ವಿ.ಸಿ.ಆರಿಗೂ ಕಂಪ್ಯೂಟರಿಗೂ ನಡುವೆ ಸುಮ್ಮನೆ ಹಾದುಹೋಗುವಂತೆ ಇಟ್ಟರೂ, ಅದೇ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುವುವು. ಬರಿಯ ಪ್ಲೇಯರ್ ಆಗದು; ರೆಕಾರ್ಡರೇ ಆಗಬೇಕು.

ಕಂಪ್ಯೂಟರಿನ ಪಾಲಿನ ತಪ್ಪೂ ಇಲ್ಲದಿಲ್ಲ. ಅಗ್ಗದ ಹಬ್ಬಿನ ಮೂಲಕ ಸಿಕ್ಕಿಸಿದ ಸಾಧನ, ನಡುವೆ ನಿದ್ದೆ ಹೋಗುವ ಡಿಸ್ಕು, ಹಿಂದೆ ಓಡುತ್ತಿರುವ ವೈರಸ್ ಶೋಧನೆ, ಇವೂ ಚಿತ್ರಗಳನ್ನು ಬೀಳಿಸುವುವು. ಇಳಿಸುವಷ್ಟು ಹೊತ್ತು ಬೇರೆ ಕೆಲಸಗಳನ್ನೆಲ್ಲ ನಿಲ್ಲಿಸಿ ಅದನ್ನು ಅದರ ಪಾಡಿಗೆ ಬಿಡಬೇಕು. ಇಳಿಸುವಾಗಲೇ ಕುಗ್ಗಿಸುವ ಕೆಲಸವನ್ನೂ ಹೊರಿಸದಿರುವುದು ಲೇಸು. ಏನೂ ಕುಗ್ಗಿಸದೆ ಇಳಿಸಿದರೆ ಗಂಟೆಗೆ ಸುಮಾರು 75 ಜಿ.ಬಿ. ಹಿಡಿಯುವುದು; ಗುಣ ಕೆಡದಂತೆ ಮಡಿಚುವ ಹಫ್‌ವೈಯುವಿ ಮುಂತಾದ ಕ್ರಮಗಳಲ್ಲಿ ಅದರ ಅರ್ಧಕ್ಕಿಂತ ಕಡಮೆ. ವರ್ಚುವಲ್‌ಡಬ್ ಎಂಬ ಉಚಿತ ತಂತ್ರಾಂಶವು ಹೀಗೆ ಇಳಿಸುವುದಲ್ಲದೆ ಎಷ್ಟು ಚಿತ್ರಗಳು ಬಿದ್ದುಹೋದುವೆಂಬ ಲೆಕ್ಕವನ್ನೂ ಪಕ್ಕದಲ್ಲಿ ತೋರಿಸುವುದು. ಆ ಲೆಕ್ಕದ ಮೇಲೆ ಒಂದು ಕಣ್ಣಿಟ್ಟಿರಬೇಕು. ಮೊಬೈಲಿಗೆ ಕಳುಹಿಸುವ ಸಣ್ಣ ಪ್ರತಿಯನ್ನು ಆಮೇಲೆ ಮಾಡಿಕೊಂಡರಾಯಿತು. ಚಿತ್ರವು 4ಕ್ಕೆ 3ರ ಅಳತೆಯದು. ಈಗಿನ ಅಗಲದ ಪರದೆಗೆ ಎಳೆದು ತುಂಬಿಸಿ ಮದುವಣಗಿತ್ತಿಯನ್ನು ಕುಂಬಳಕಾಯಿಯಾಗಿಸುವುದು ನ್ಯಾಯವಲ್ಲ.

ಚಿತ್ರವು ಉಸಿರಾಡಿದಂತೆ ಒಮ್ಮೆ ಬೆಳಗಿ ಒಮ್ಮೆ ಕತ್ತಲಾಗುತ್ತಿದ್ದರೆ ಅದು ಸಿನಿಮಾ ಕ್ಯಾಸೆಟ್ಟುಗಳಲ್ಲಿ ನಕಲು ತಡೆಯಲು ಇಟ್ಟಿರುವ ಸಂಕೇತದ ಆಟ. ರಾಮದೇವರ ಬೆಟ್ಟದಲ್ಲಿ ಚಿತ್ರಿತವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಕ್ಯಾಸೆಟ್ಟನ್ನು ಇಳಿಸುವ ಬಗೆ ಹೇಗೆಂದು ರಾಮನಗರದ ಒಬ್ಬ ಉತ್ಸಾಹಿಗಳು ಕೇಳಿರುವರು. ಬೇಡವೆಂದೇ ನಮ್ಮ ಉತ್ತರ. ಅದು ಪರರ ಸ್ವತ್ತು. ಅದಕ್ಕಿಂತ ಒಳ್ಳೆಯ ಪ್ರತಿಗಳು ಬೇಕಾದಷ್ಟು ಇವೆ. ನಿಮ್ಮ ವಿ.ಸಿ.ಆರಿನ ಉಳಿದ ಆಯುಸ್ಸನ್ನು ಬೇರೆಲ್ಲಿಯೂ ಇಲ್ಲದುದಕ್ಕೆ ಖರ್ಚುಮಾಡಿರಿ. ಚನ್ನಪಟ್ಟಣದ ಒಂದು ಮನೆಯಲ್ಲಿ ನಾವು ಕಂಡ ಕ್ಯಾಸೆಟ್ಟಿನಲ್ಲಿ, ಮದುವೆಯ ದೃಶ್ಯಗಳ ನಡುವೆ ವಿಡಿಯೋದವನು ಬೇಸರ ಕಳೆಯಲು ಹಿತ್ತಿಲಿಗೆ ಹೋಗಿದ್ದನೆಂದು ತೋರುವುದು; ಅಲ್ಲಿ ಹುಡುಗಿಯ ತಾತ ನೆಂಟರಿಷ್ಟರ ಗದ್ದಲವನ್ನು ಲೆಕ್ಕಿಸದೆ ಕುಳಿತು ಹಾಲೆಮರದ ತುಂಡನ್ನು ಕಡೆದು ಅರಗಿನ ಬಣ್ಣ ಹಿಡಿಸುತ್ತಿರುವರು. ನಾಲ್ಕೇ ನಿಮಿಷ. ಅಂತಹ ನಾಲ್ಕು ನಿಮಿಷಕ್ಕೆ ಈ ಶ್ರಮವೆಲ್ಲ ಸಲ್ಲುವುದು.

ಇಳಿಸಿದ ಕಡತಕ್ಕೆ ಹೆಸರಿಡುವಾಗ ಇಸವಿ, ಊರು, ಮನೆತನಗಳನ್ನು ಬರೆಯಬೇಕು. ಕ್ಯಾಸೆಟ್ಟಿನ ಚೀಟಿಯನ್ನು ನಂಬಿ ಕೂರಬಾರದು. ನಮ್ಮ ಈ ನಾಲ್ಕು ಊರುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದು, ಆಮೇಲೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ, 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ತಾಳಿರುವುವು. ಚೀಟಿಯ ಜಿಲ್ಲೆಯನ್ನು ನೋಡಿಯೇ ಟೇಪಿನ ವಯಸ್ಸನ್ನು ಊಹಿಸಬೇಕಾದ ಪ್ರಸಂಗ ನಮಗೆ ಬಂದಿತ್ತು. ಚಿತ್ರದಲ್ಲಿರುವವರು ಯಾರು ಯಾರೆಂಬುದನ್ನು ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಿಡುವುದನ್ನು ನಾಳೆಗೆ ಹಾಕತಕ್ಕದ್ದಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿರಿ. ಇಳಿಸಿಯಾಯಿತೆಂದು ಟೇಪನ್ನು ಎಸೆಯಬೇಡಿರಿ. ಮುಂದೆ ಇದಕ್ಕಿಂತ ಉತ್ತಮವಾದ ಯಂತ್ರ ನಿಮ್ಮ ಕೈಗೆ ಸಿಕ್ಕಬಹುದು. ಕೆಲಸವನ್ನು ಅಂಗಡಿಯವರಿಗೆ ಒಪ್ಪಿಸುವವರು, ಬರಿಯ ಡಿ.ವಿ.ಡಿ.ಯನ್ನಲ್ಲ, ಕುಗ್ಗಿಸದ ಕಡತವನ್ನೂ ಮೂಲ ಕ್ಯಾಸೆಟ್ಟನ್ನೂ ಕೇಳಿ ಪಡೆಯಬೇಕು.

ಈಗ ಕನಕಪುರದ ತಾಯಿಯವರ ಹಾಡು. ಓದು ಬಾರದ ಹೆಣ್ಣುಮಕ್ಕಳ ಬಾಯಲ್ಲಿರುವ ಪದಗಳನ್ನು ಹಿಡಿದಿಡಬೇಕೆಂದು ಎಚ್. ಎಲ್. ನಾಗೇಗೌಡರು ಜೀವಮಾನವಿಡೀ ಹಳ್ಳಿ ಹಳ್ಳಿ ಸುತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರ ಚನ್ನಪಟ್ಟಣಗಳ ನಡುವೆ ಜಾನಪದ ಲೋಕವನ್ನು ಕಟ್ಟಿದರು. ಆದರೂ ಎಲ್ಲ ಮನೆಗಳ ಎಲ್ಲ ಹಾಡುಗಳನ್ನೂ ಒಬ್ಬರು ಸಂಗ್ರಹಿಸಲಾದೀತೆ? ಈ ಹಾಡು ಈ ಒಂದು ಟೇಪಿನಲ್ಲಿ ಮಾತ್ರ ಉಳಿದಿತ್ತು. ನಾವು ಒಂದು ಭಾನುವಾರ ಅವರ ಮನೆಗೆ ಹೋಗಿ ಯಂತ್ರವನ್ನು ತೆರೆದೆವು. ಧ್ವನಿಯ ಹೆಡ್ಡಿನ ಮೇಲೆ ಕಂದು ಬಣ್ಣದ ಲೇಪ ಕಟ್ಟಿತ್ತು. ಅದನ್ನು ಒರೆಸಿದ ಮೇಲೆ ಕಂಬಳಿ ಅರ್ಧ ಸರಿಯಿತು. ಎರಡನೆಯ ವಿ.ಸಿ.ಆರ್. ಒಂದರಲ್ಲಿ ನುಡಿಸಿದಾಗ ಇನ್ನೂ ಅರ್ಧ ಸರಿದು, ಹಿಂದೆ ಪಾತ್ರೆ ಬಿದ್ದ ಸದ್ದೂ, ಯಾವುದೋ ಮಗು ಅತ್ತುದೂ, ತಾಯಿಯವರು ಪದದ ನಡುವೆ ಉಸಿರು ತೆಗೆದುಕೊಂಡುದೂ ಕೇಳಿದುವು. ಮಗ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ನಿಂತಿದ್ದರು.

ಆದರೆ ಒಂದೆಡೆ ಟೇಪಿನ ಮೇಲಂಚು ಯಾವ ಕಾಲದಲ್ಲೋ ಕಚ್ಚಿಹೋಗಿತ್ತು. ಅಲ್ಲಿ ಚಿತ್ರವಿದೆ, ತುಟಿ ಆಡುತ್ತಿದೆ, ಧ್ವನಿಯಿಲ್ಲ. ಎರಡು ಸಾಲು ಪೂರ್ತಿ ಹೋಗಿದ್ದುವು. ಮೂರು ಬಾರಿ ಯತ್ನಿಸಿ ಕೈಚೆಲ್ಲಿದೆವು. ಅಷ್ಟರಲ್ಲಿ ಒಳಗೆ ಅವರೆಕಾಯಿ ಸುಲಿಯುತ್ತಿದ್ದ, ಎಂಬತ್ತು ದಾಟಿದ ಅವರ ಚಿಕ್ಕಮ್ಮ ಬಾಗಿಲಿಗೆ ಬಂದು, "ಯಾಕ್ ಮಗ, ನಮ್ಮಕ್ಕನ ಪದ ಅರ್ಧಕ್ಕೇ ನಿಂತೋಯ್ತು?" ಎಂದು ಕೇಳಿದರು. ಸಂಗತಿಯನ್ನು ತಿಳಿಸಿದೆವು. ಮುದುಕಿಯವರು ಪರದೆಯ ಮೇಲಿನ ಅಕ್ಕನ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿ, ಮರದ ಮೊರವನ್ನು ಕೆಳಗಿಟ್ಟು, ಆ ಎರಡು ಸಾಲುಗಳನ್ನು ತಾವೇ ಹೇಳಿಕೊಟ್ಟರು. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಹಿಡಿದಳು. ಅಕ್ಕನ ಹಾಡಿನೊಳಗೆ ತಂಗಿಯ ಧ್ವನಿಯನ್ನು ಸೇರಿಸಿ ಹೊಲಿಯೋಣವೇ ಎಂದು ಆಕೆ ಕೇಳಿದಳು; ಚಿಕ್ಕಮ್ಮ ಒಪ್ಪಲಿಲ್ಲ. ಎರಡು ಕಡತಗಳೂ ಬೇರೆ ಬೇರೆಯಾಗಿ, ಒಂದರ ಪಕ್ಕದಲ್ಲಿ ಒಂದಾಗಿ, ಈಗ ಅವರ ಕಂಪ್ಯೂಟರಿನಲ್ಲಿರುವುವು.